ಚಿಗುರು ನೋಡುವ ಹೊತ್ತು

ಮೇ ತಿಂಗಳ ಕೊನೆ. ಅಡ್ಡಮಳೆ ಬಿದ್ದು ಎರಡು ವಾರ ಕಳೆದಿದೆ. ಸಿದ್ದಾಪುರದ ಕಡೆಯ ಈ ಹಿತ್ತಲಲ್ಲಿ ನಿಂಬೆ ಮರ ಮೈತುಂಬ ಚಿಗುರಿ ನಿಂತಿದೆ. ಹಳೆಯ ಎಲೆಗಳ ಕಡುಹಸಿರಿನ ಮೇಲೆ ಎಳೆ ಎಲೆಗಳು ಇನ್ನೂ ಬಲಿಯದೆ ಜೋತಾಡುತ್ತಿವೆ. ಪಕ್ಕದಲ್ಲಿ ಕಂಚಿ, ಆಚೆ ಬೇಲಿಗೆ ತಾಗಿ ಹೇರಳೆ, ಬಾವಿಕಟ್ಟೆಯ ಬಳಿ ಮೊಣಕಾಲೆತ್ತರದ ಚಕ್ಕೋತ ಸಸಿ. ಮನೆಯ ದೊಡ್ಡಮ್ಮ ಬೆಳಗಿನ ಕಾಫಿ ಮುಗಿಸಿದವರೇ ಇತ್ತ ಬರುತ್ತಾರೆ. ಕೈಯಲ್ಲಿ ಔಷಧದ ಬಾಟಲಿ ಇಲ್ಲ, ಗುದ್ದಲಿಯೂ ಇಲ್ಲ. ಬರುವುದು ಚಿಗುರು ನೋಡಲಿಕ್ಕೆ.

ಹುಳಿಜಾತಿಯ ಗಿಡಗಳ ಕಷ್ಟಸುಖವೆಲ್ಲ ಮೊದಲು ಕಾಣುವುದು ಚಿಗುರಿನಲ್ಲೇ. ಕಪ್ಪು ರೆಕ್ಕೆಯ ತುಂಬ ಹಳದಿ ಮಚ್ಚೆಯಿರುವ ನಿಂಬೆ ಚಿಟ್ಟೆಯೊಂದು ಚಕ್ಕೋತ ಸಸಿಯ ಸುತ್ತ ಹಾರುತ್ತಿದೆ. ಪೂರ್ತಿ ಕೂರುವುದಿಲ್ಲ. ರೆಕ್ಕೆ ಬಡಿಯುತ್ತಲೇ ಎಲೆಯಂಚಿಗೆ ಹೊಟ್ಟೆ ಬಾಗಿಸಿ, ಒಂದೇ ಒಂದು ಮೊಟ್ಟೆ ಅಂಟಿಸಿ, ಇನ್ನೊಂದು ಕುಡಿಗೆ ಹೋಗುತ್ತದೆ. ಮೊಟ್ಟೆ ತಿಳಿಹಳದಿ, ಉರುಟು, ಸಾಸಿವೆ ಕಾಳಿಗಿಂತ ದೊಡ್ಡದಲ್ಲ. ಮೊದಲೇ ಒಡೆದ ಮರಿಗಳೂ ಅಲ್ಲಿವೆ: ಕಂದು ಮೈ, ನಡುವೆ ಬಿಳಿ ಪಟ್ಟೆ; ಹಕ್ಕಿ ಹಿಕ್ಕೆಯೆಂದುಕೊಂಡು ಕಣ್ಣು ಮುಂದೆ ಹೋಗಿಬಿಡುತ್ತದೆ. ಬೆಳೆದವು ಹಚ್ಚಹಸಿರು. ದೊಡ್ಡಮ್ಮ ಅಂಥದ್ದೊಂದನ್ನು ಬೆರಳಿನಿಂದ ತಟ್ಟಿದರು. ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲುಕೊಂಬು ಸರ್‍ರನೆ ಹೊರಬಂತು, ಜೊತೆಗೆ ಮೂಗಿಗೆ ಹೊಡೆಯುವ ಘಾಟು.

“ಈ ಸಸಿಯಲ್ಲಿ ಬಿಟ್ಟರೆ ನಾಲ್ಕು ದಿನಕ್ಕೆ ಬರೀ ಕಡ್ಡಿ ಉಳಿಯುತ್ತದೆ ತಮ್ಮಾ. ದೊಡ್ಡ ಮರಕ್ಕೆ ಇದೊಂದು ಲೆಕ್ಕವೇ ಅಲ್ಲ” ಎನ್ನುತ್ತ ಎಲೆಸಮೇತ ಚಿವುಟಿ, ನಿಂಬೆ ಮರದ ಹಳೆಯ ರೆಂಬೆಗೆ ದಾಟಿಸಿದರು. ಚಿಟ್ಟೆಯೂ ಬೇಕು, ಚಕ್ಕೋತವೂ ಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ.

ಕೆಲವು ಎಲೆಗಳ ಮೇಲೆ ಬೆಳ್ಳಿಗೆರೆಗಳು ಅಂಕುಡೊಂಕಾಗಿ ಹರಿದಿವೆ. ಎಲೆಯ ಸಿಪ್ಪೆಯಡಿ ಸುರಂಗ ಕೊರೆಯುವ ಹುಳುವಿನ ಕೆಲಸ ಅದು. ಎಲೆ ಮುರುಟಿದ್ದು ಕಂಡು ಕತ್ತರಿ ಹಿಡಿದು ಹೊರಡುವವರೇ ಹೆಚ್ಚು. ಕತ್ತರಿಸಿದಲ್ಲೆಲ್ಲ ಮತ್ತೆ ಚಿಗುರು, ಆ ಚಿಗುರಿಗೆ ಮತ್ತೆ ಅದೇ ಹುಳು. ಮುರುಟಿದ ಎಲೆಯೂ ಮರಕ್ಕೆ ಅನ್ನ ಬೇಯಿಸುತ್ತದೆ, ಇರಲಿ ಬಿಡಿ. ತೆಗೆಯಬೇಕಾದ್ದು ಕಜ್ಜಿರೋಗ ಹತ್ತಿದ ಕಡ್ಡಿ. ಕಂದುಬಣ್ಣದ ಒರಟು ಗುಳ್ಳೆ, ಸುತ್ತ ಹಳದಿ ಬಳೆ ಕಂಡರೆ ಅದೇ. ಈ ರೋಗಾಣು ಮಳೆಹನಿಯೊಂದಿಗೆ ಸಿಡಿದು, ಹುಳು ಕೊರೆದ ಗಾಯದೊಳಗೂ ಇಳಿಯುತ್ತದೆ. ಆದ್ದರಿಂದ ಒಣಹವೆಯಿರುವಾಗಲೇ ಕತ್ತರಿಸಿ ಸುಡಬೇಕು. ಮಳೆಯಲ್ಲಿ ಕತ್ತರಿ ಮುಟ್ಟಬಾರದು.

ಕಾಂಡದ ಮೇಲೆ ಇರುವೆ ಸಾಲು ಏರುತ್ತಿದ್ದರೆ ತಲೆಯೆತ್ತಿ ನೋಡಬೇಕು. ಮೇಲೆ ಹೇನೋ ಬಿಳಿ ತಿಗಣೆಯೋ ಕೂತು ರಸ ಹೀರುತ್ತಿರುತ್ತದೆ. ಅವು ಸುರಿಸುವ ಸಿಹಿಗಾಗಿ ಇರುವೆ ಕಾವಲು ನಿಲ್ಲುತ್ತದೆ. ಆ ಸಿಹಿಯ ಮೇಲೆಯೇ ಕಪ್ಪು ಮಸಿ ಬೆಳೆಯುವುದು. ರಭಸದ ನೀರು ಹೊಡೆದು ತೊಳೆದರೆ ಅರ್ಧ ಕೆಲಸ ಮುಗಿಯಿತು. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯಲು ತುಸು ಸೋಪು, ಅದೂ ಬಿಸಿಲು ಇಳಿದ ಮೇಲೆ. ಚಗಳಿ ಇರುವೆಯ ಕಥೆ ಬೇರೆ. ಮಲೆನಾಡಿನವರು ಚಟ್ನಿ ಮಾಡುವ ಈ ಕೆಂಪಿರುವೆಯ ಗೂಡುಗಳನ್ನು ಹುಳಿಹಣ್ಣಿನ ಮರಗಳಿಗೆ ಕಟ್ಟಿ ಕೀಟ ಓಡಿಸುತ್ತಿದ್ದ ಸಂಗತಿ ಕ್ರಿ.ಶ. 304ರದ್ದೆನ್ನಲಾದ ಚೀನಾದ ಗ್ರಂಥದಲ್ಲೇ ಇದೆ. ಅದೂ ಕೆಲವು ರಸಹೀರುಕಗಳನ್ನು ಸಾಕುತ್ತದೆ, ನಿಜ. ಆದರೂ ಮಾವಿನ ಮರದಿಂದ ನಿಂಬೆಗೆ ದಾಟಿದ ಚಗಳಿಯನ್ನು ಇಲ್ಲಿ ಯಾರೂ ಓಡಿಸಿಲ್ಲ.

ಮರದ ನೆರಳು ಬೀಳುವಷ್ಟೂ ಜಾಗದಲ್ಲಿ ಅಡಿಕೆ ಸಿಪ್ಪೆ, ದರಗು ಹಾಸಿದೆ, ಕಾಂಡದಿಂದ ಒಂದು ಗೇಣು ಬಿಟ್ಟು. ಕೈಹಾಕಿ ಸರಿಸಿದರೆ ತಣ್ಣನೆಯ ಕಪ್ಪು ಮಣ್ಣು, ಎರೆಹುಳ, ಮೇಲ್ಮಣ್ಣಿನಲ್ಲೇ ಹೆಣೆದುಕೊಂಡ ನವಿರು ಬೇರು. ನಿಂಬೆ ಉಣ್ಣುವುದು ಈ ಬೇರುಗಳಿಂದಲೇ. ಗೊಬ್ಬರ ಕೊಡುವ ಪ್ರೀತಿಯಲ್ಲಿ ಇಲ್ಲಿ ಅಗೆದವರು ಮರದ ಬಾಯಿಯನ್ನೇ ಕತ್ತರಿಸಿದಂತೆ. ಕೊಟ್ಟಿಗೆ ಗೊಬ್ಬರವನ್ನು ನೆರಳಿನ ಅಂಚಿನಲ್ಲಿ ಹರವಿ ಮುಚ್ಚಿದರೆ ಸಾಕು. ಬಚ್ಚಲೊಲೆಯ ಬೂದಿ ಒಂದು ಹಿಡಿ ಸರಿ, ಬುಟ್ಟಿಗಟ್ಟಲೆ ಸುರಿದರೆ ಮಣ್ಣಿನಲ್ಲಿದ್ದ ಕಬ್ಬಿಣ, ಸತುವು ಬೇರಿಗೆ ದಕ್ಕುವುದಿಲ್ಲ. ನರ ಹಸಿರಾಗಿದ್ದು ನಡುವೆಲ್ಲ ಹಳದಿಯಾದ ಎಳೆ ಎಲೆ ಅದನ್ನೇ ಹೇಳುತ್ತದೆ. ಬೋರ್‌ವೆಲ್‌ನ ಗಡಸು ನೀರು ಕುಡಿಯುವ ಬೆಂಗಳೂರಿನ ತಾರಸಿ ಕುಂಡಗಳಲ್ಲೂ ಇದೇ ಹಳದಿ.

ಬುಡಕ್ಕೆ ದೊಡ್ಡಮ್ಮ ಮಣ್ಣೇರಿಸಿ ದಿಬ್ಬ ಮಾಡಿಸಿದ್ದಾರೆ, ಆಚೆ ನೀರು ಹರಿದುಹೋಗಲು ಕಾಲುವೆ. ಕಾಂಡಕ್ಕೆ ನೀರು ನಿಂತರೆ ತೊಗಟೆ ಕೊಳೆತು ಅಂಟು ಸೋರುತ್ತದೆ. ಅಡಿಕೆಗೆ ಕೊಳೆರೋಗ ತರುವ ರೋಗಾಣುವಿನ ಬಳಗದ್ದೇ ಇದು. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕಳೆದ ಶತಮಾನದ ಆರಂಭದಲ್ಲಿ ಅಡಿಕೆಗೆ ಬಳಕೆಗೆ ತಂದ ಬೋರ್ಡೋ ಮದ್ದೇ ಇದಕ್ಕೂ ಆಗುತ್ತದೆ. ಸಿಂಪಡಣೆಗಾದರೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣಕ್ಕೆ 100 ಲೀಟರ್ ನೀರು. ಕಾಂಡಕ್ಕೆ ಬಳಿಯಲು 10 ಲೀಟರ್. ಸಾವಯವಕ್ಕೆ ಒಪ್ಪಿತವೆಂದು ಮನಬಂದಂತೆ ಹೊಡೆಯುವಂತಿಲ್ಲ, ತಾಮ್ರ ಮಣ್ಣಲ್ಲೇ ಉಳಿದುಬಿಡುತ್ತದೆ. ಮಳೆಗಾಲಕ್ಕೆ ಮುಂಚೆ ಎರಡಡಿ ಎತ್ತರದವರೆಗೆ ಬಳಿದರೆ ಈ ಮರಕ್ಕೆ ಸಾಲುತ್ತದೆ.

“ಚಕ್ಕೋತದ ಬೀಜ ಕೊಡಿ” ಎಂದೆ.

“ನಿಂಬೆಯಾದರೆ ಬೀಜ ಕೊಡುತ್ತಿದ್ದೆ” ಎಂದರು. ನಿಂಬೆಯ ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರುತ್ತದೆ, ಹೆಚ್ಚಿನವು ತಾಯಿಯದೇ ತದ್ರೂಪು. ಚಕ್ಕೋತದ ಬೀಜದಲ್ಲಿ ಮೊಳಕೆ ಒಂದೇ, ಅದರ ಹಣ್ಣು ಹೇಗಿರುತ್ತದೋ ಹೇಳಲಾಗದು. ಅದಕ್ಕೇ ಗೂಟಿ. ಅಂಗಳದಾಚೆಯ ಹಳೇ ಚಕ್ಕೋತ ಮರದಲ್ಲಿ ಪೆನ್ಸಿಲ್ ದಪ್ಪದ ರೆಂಬೆಯೊಂದನ್ನು ಅವರು ಆಗಲೇ ಗುರುತು ಹಾಕಿಯಾಗಿತ್ತು. ಒಂದಂಗುಲ ಸಿಪ್ಪೆ ಸುಲಿದು, ಒದ್ದೆ ತೆಂಗಿನ ನಾರು ಸುತ್ತಿ, ಪ್ಲಾಸ್ಟಿಕ್ ಬಿಗಿದರೆ ಎರಡು ತಿಂಗಳಲ್ಲಿ ಬೇರು ಕಾಣುತ್ತದೆ.

“ಆರಿದ್ರಾ ಮಳೆ ಹಿಡಿಯಲಿ, ಬಾ. ನಾರು ಮಾತ್ರ ನೀನೇ ನೆನೆಸಿ ತರಬೇಕು” ಎಂದರು.