ಆರೋಗ್ಯ ವಿಮೆಯ ಕಂಪೆನಿಯನ್ನು ಬದಲಾಯಿಸುವ ಮುನ್ನ ರೈತರು ನೋಡತಕ್ಕ ವಿಷಯಗಳು

ಗೊಬ್ಬರವನ್ನು ಕೊಳ್ಳುವ ಜಾಣ ರೈತನು ಚೀಲದ ಬೆಲೆಯೊಂದನ್ನೇ ನೋಡಿ ಸುಮ್ಮನಾಗುವುದಿಲ್ಲ. ಅಮೋನಿಯಂ ಸಲ್ಫೇಟಿನಲ್ಲಿ ಸಾರಜನಕವು ನೂರಕ್ಕೆ ಸುಮಾರು 20ರಷ್ಟೂ ಯೂರಿಯದಲ್ಲಿ 46ರಷ್ಟೂ ಇರುವುದರಿಂದ, ಚೀಲಕ್ಕೆ ಚೀಲವನ್ನು ಹೋಲಿಸಿದರೆ ಲೆಕ್ಕವು ತಪ್ಪುತ್ತದೆಂಬುದು ಅವನಿಗೆ ಚೆನ್ನಾಗಿ ತಿಳಿದಿರುತ್ತದೆ. ಆದರೆ ಅದೇ ರೈತನು ಮನೆಯವರ ಆರೋಗ್ಯ ವಿಮೆಯ ವಿಷಯ ಬಂದಾಗ, ಏಜೆಂಟನು ತಂದು ತೋರಿಸಿದ ಕಾಗದದಲ್ಲಿ ವರ್ಷದ ಪ್ರೀಮಿಯಂ ಎರಡು ಸಾವಿರ ರೂಪಾಯಿ ಕಡಿಮೆಯಾಗಿದೆಯೆಂಬುದೊಂದನ್ನೇ ಕಂಡು ಹಳೆಯ ಪಾಲಿಸಿಯನ್ನು ಬಿಟ್ಟುಬಿಡುವುದುಂಟು. ಇದರಿಂದ ಉಂಟಾಗುವ ನಷ್ಟವು ಆ ದಿನ ಕಾಣುವುದಿಲ್ಲ. ಆಸ್ಪತ್ರೆಯ ಬಿಲ್ಲು ಕೈಗೆ ಬಂದ ದಿನ ಕಾಣುತ್ತದೆ.

ಒಂದು ವರ್ಷ ಮಳೆ ತಪ್ಪಿದರೆ ಒಕ್ಕಲು ಸಂಸಾರವು ಸಾಲಸೋಲ ಮಾಡಿ ಹೇಗೋ ಮುಂದಿನ ಮುಂಗಾರಿನವರೆಗೆ ತಳ್ಳಬಹುದು. ಮನೆಯ ಯಜಮಾನನಿಗೆ ಹೃದಯದ ಶಸ್ತ್ರಚಿಕಿತ್ಸೆಯೋ ಮೂತ್ರಪಿಂಡದ ಕಾಯಿಲೆಯೋ ಒದಗಿದಾಗಲಾದರೋ ದುಡಿಯುವ ಕೈಯೂ ನಿಂತುಹೋಗುತ್ತದೆ, ಹಣವೂ ಒಮ್ಮೆಲೇ ಬೇಕಾಗುತ್ತದೆ. ಮೊದಲು ಒಡವೆ ಗಿರವಿಗೆ ಹೋಗುತ್ತದೆ, ಬಳಿಕ ಕರೆಯುವ ಹಸು, ಕೊನೆಗೆ ಜಮೀನು. ಇಂತಹ ದಿನಕ್ಕಾಗಿಯೇ ಕಟ್ಟಿಕೊಂಡು ಬಂದಿರುವ ವಿಮೆಯನ್ನು ಅವಸರದಲ್ಲಿ ಬದಲಾಯಿಸತಕ್ಕದ್ದಲ್ಲ. ಹಾಗೆಂದು ಎಂದಿಗೂ ಬದಲಾಯಿಸಲೇಬಾರದೆಂದೂ ಅಲ್ಲ. ಹಳೆಯ ಕಂಪೆನಿಯವರು ಪ್ರೀಮಿಯಂ ಏರಿಸುತ್ತ ಹೋಗಿರಬಹುದು. ಕ್ಲೇಮಿನ ಹಣ ಕೊಡುವುದಕ್ಕೆ ತೊಂದರೆಪಡಿಸಿರಬಹುದು. ಅವರೊಡನೆ ಒಪ್ಪಂದವಿರುವ ಆಸ್ಪತ್ರೆಯು ಹತ್ತಿರದಲ್ಲಿ ಇಲ್ಲದಿರಬಹುದು. ಇವೆಲ್ಲ ನ್ಯಾಯವಾದ ಕಾರಣಗಳೇ ಸರಿ.

ಮೊದಲು ಗಮನಿಸಬೇಕಾದುದು ಕಾಯುವ ಅವಧಿ. ಅಡಕೆಯ ಸಸಿಯನ್ನು ನೆಟ್ಟವನು ಫಸಲಿಗೆ ಹಲವು ವರ್ಷ ಕಾಯುವಂತೆ, ಆರೋಗ್ಯ ವಿಮೆಯಲ್ಲಿಯೂ ಕೆಲವು ಕಾಯಿಲೆಗಳಿಗೆ ಹಣ ದೊರೆಯಬೇಕಾದರೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಪಾಲಿಸಿಯು ಆರಂಭವಾದ ಮೊದಲ 30 ದಿನಗಳಲ್ಲಿ ಅಪಘಾತವೊಂದನ್ನು ಬಿಟ್ಟು ಉಳಿದ ಕಾಯಿಲೆಗಳಿಗೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ಕಣ್ಣಿನ ಪೊರೆ, ಹರ್ನಿಯ, ಮಂಡಿಯ ಕೀಲು ಬದಲಾವಣೆ ಮುಂತಾದುವಕ್ಕೆ ಅನೇಕ ಪಾಲಿಸಿಗಳಲ್ಲಿ ಎರಡು ವರ್ಷಗಳ ಗಡುವು ಇರುತ್ತದೆ. ಪಾಲಿಸಿ ಕೊಳ್ಳುವುದಕ್ಕೆ ಮುಂಚೆಯೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲಾದುವಕ್ಕೆ ಇನ್ನೂ ಹೆಚ್ಚು. ಈ ಕೊನೆಯ ಗಡುವು 48 ತಿಂಗಳಿನವರೆಗೂ ಇರಬಹುದಾಗಿದ್ದಿತು. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದವರು 2024ರಲ್ಲಿ ಅದನ್ನು 36 ತಿಂಗಳಿಗೆ ಇಳಿಸಿದರು. ಹೀಗೆ ಕಾದು ಕಳೆದ ವರ್ಷಗಳೇ ಪಾಲಿಸಿದಾರನ ನಿಜವಾದ ಆಸ್ತಿ. ಪಾಲಿಸಿಯನ್ನು ಬಿಟ್ಟು ಬೇರೆ ಕಂಪೆನಿಯಲ್ಲಿ ಹೊಸದಾಗಿ ಕೊಂಡವನು ಆ ಆಸ್ತಿಯನ್ನು ಬೀದಿಗೆ ಎಸೆದಂತಾಗುತ್ತದೆ.

ಈ ಆಸ್ತಿಯನ್ನು ಜೊತೆಯಲ್ಲಿಯೇ ಕೊಂಡೊಯ್ಯಲು 2011ನೆಯ ಇಸವಿಯಿಂದ ಅನುಕೂಲವಿದೆ. ಅದಕ್ಕೆ ಪೋರ್ಟಬಿಲಿಟಿ ಎಂದು ಹೆಸರು. ಮೊಬೈಲಿನ ನಂಬರನ್ನು ಉಳಿಸಿಕೊಂಡು ಕಂಪೆನಿಯನ್ನು ಬದಲಾಯಿಸುವ ಹಾಗೆಯೇ, ಕಾದ ಅವಧಿಯನ್ನು ಉಳಿಸಿಕೊಂಡು ವಿಮಾ ಕಂಪೆನಿಯನ್ನು ಬದಲಾಯಿಸಬಹುದು. ದೃಷ್ಟಾಂತಕ್ಕಾಗಿ ತಿಪಟೂರಿನ ಕಡೆಯ ತೆಂಗಿನ ತೋಟದ ರೈತನೊಬ್ಬನನ್ನು ತೆಗೆದುಕೊಳ್ಳೋಣ. ಅವನಿಗೆ ಸಕ್ಕರೆ ಕಾಯಿಲೆಯುಂಟು. ಪಾಲಿಸಿಯ ಅರ್ಜಿಯಲ್ಲಿ ಅದನ್ನು ತಿಳಿಸಿದ್ದಾನೆ. ಮೂರು ಲಕ್ಷ ರೂಪಾಯಿಗಳ ಪಾಲಿಸಿಯನ್ನು ತಪ್ಪದೆ ಎರಡು ವರ್ಷ ನಡೆಸಿದ್ದಾನೆ. ಪೋರ್ಟಬಿಲಿಟಿಯ ಮೂಲಕ ಮೂರು ವರ್ಷದ ಗಡುವುಳ್ಳ ಹೊಸ ಪಾಲಿಸಿಗೆ ಹೋದರೆ ಅವನು ಇನ್ನು ಒಂದು ವರ್ಷ ಮಾತ್ರ ಕಾದರೆ ಸಾಕು. ಅದನ್ನು ಕೇಳದೆ ಹೊಸದಾಗಿ ಕೊಂಡರೆ ಪುನಃ ಮೂರು ವರ್ಷ. ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಹೊಸ ಕಂಪೆನಿಯಲ್ಲಿ ಅವನು ಐದು ಲಕ್ಷಕ್ಕೆ ಪಾಲಿಸಿ ಮಾಡಿಸಿದನೆನ್ನಿ. ಆಗ ಹಳೆಯ ಮೂರು ಲಕ್ಷಕ್ಕೂ ಅದರ ಮೇಲೆ ಕೂಡಿದ್ದ ಬೋನಸ್ಸಿಗೂ ಕಾದ ವರ್ಷಗಳು ಸಲ್ಲುತ್ತವೆ. ಹೆಚ್ಚಿಸಿಕೊಂಡ ಭಾಗಕ್ಕೆ ಗಡುವು ಮೊದಲಿನಿಂದ ಆರಂಭವಾಗುತ್ತದೆ. ಏಜೆಂಟರು ಈ ಮಾತನ್ನು ಹೇಳುವುದು ಅಪರೂಪ.

ಬದಲಾವಣೆಯು ಪಾಲಿಸಿಯ ನವೀಕರಣದ ಕಾಲದಲ್ಲಿ ಮಾತ್ರ ಸಾಧ್ಯ. ಆ ತಾರೀಖಿಗೆ 45ರಿಂದ 60 ದಿನಗಳ ಮುಂಚಿತವಾಗಿ ಹೊಸ ಕಂಪೆನಿಗೆ ಅರ್ಜಿ ಕೊಡುವುದು ಲೇಸು. ಹಳೆಯ ಕಂಪೆನಿಯವರು ಪಾಲಿಸಿದಾರನ ವಿವರಗಳನ್ನು 72 ಗಂಟೆಗಳೊಳಗೆ ಕಳುಹಿಸತಕ್ಕದ್ದೆಂದೂ, ಅವು ತಲಪಿದ ಐದು ದಿನಗಳೊಳಗೆ ಹೊಸ ಕಂಪೆನಿಯವರು ತಮ್ಮ ತೀರ್ಮಾನವನ್ನು ತಿಳಿಸತಕ್ಕದ್ದೆಂದೂ 2024ರ ಸುತ್ತೋಲೆಯಲ್ಲಿ ವಿಧಿಸಲಾಗಿದೆ. ಆದರೆ ಹೊಸ ಕಂಪೆನಿಯವರು ಒಪ್ಪಲೇಬೇಕೆಂಬ ಕಟ್ಟುಪಾಡು ಇರುವುದಿಲ್ಲ. ವಯಸ್ಸನ್ನೂ ಕಾಯಿಲೆಯನ್ನೂ ನೋಡಿ ಅವರು ನಿರಾಕರಿಸಬಹುದು, ಇಲ್ಲವೆ ಹೆಚ್ಚು ಪ್ರೀಮಿಯಂ ಕೇಳಬಹುದು. ಆದಕಾರಣ ಒಪ್ಪಿಗೆಯ ಪತ್ರವು ಕೈಗೆ ಬರುವವರೆಗೆ ಹಳೆಯ ಪಾಲಿಸಿಯನ್ನು ಯಾವ ಕಾರಣಕ್ಕೂ ಕೈಬಿಡಬಾರದು. ಒಪ್ಪಿಗೆ ಬಾರದೆ ಗಡುವಿನ ದಿನ ಹತ್ತಿರವಾದರೆ, ಆ ವರ್ಷ ಹಳೆಯ ಕಂಪೆನಿಯಲ್ಲಿಯೇ ನವೀಕರಿಸಿಬಿಡುವುದು ಮೇಲು.

ಇನ್ನು ಎರಡು ಪಾಲಿಸಿಗಳನ್ನು ಹೋಲಿಸುವ ಬಗೆ. ಪ್ರೀಮಿಯಂ ಮತ್ತು ವಿಮೆಯ ಒಟ್ಟು ಮೊತ್ತ ಇವೆರಡನ್ನೂ ಎಲ್ಲರೂ ನೋಡುತ್ತಾರೆ. ಕೋಣೆಯ ಬಾಡಿಗೆಗೆ ಹಾಕಿರುವ ಮಿತಿಯನ್ನು ನೋಡುವವರು ಕಡಿಮೆ. ಹಣವು ಸೋರಿಹೋಗುವುದು ಬಹುಮಟ್ಟಿಗೆ ಈ ತೂಬಿನಿಂದಲೇ. ಮೂರು ಲಕ್ಷದ ಪಾಲಿಸಿಯಲ್ಲಿ ದಿನದ ಬಾಡಿಗೆಯು ನೂರಕ್ಕೆ ಒಂದರಂತೆ, ಎಂದರೆ 3,000 ರೂಪಾಯಿಗಳನ್ನು ಮೀರಬಾರದೆಂದು ಬರೆದಿದೆಯೆನ್ನಿ. ರೋಗಿಯನ್ನು ದಿನಕ್ಕೆ 6,000 ರೂಪಾಯಿಗಳ ಕೋಣೆಯಲ್ಲಿ ಐದು ದಿನ ಇರಿಸಿದರು. ಬಾಡಿಗೆ 30,000, ವೈದ್ಯರು ಮತ್ತು ಶಸ್ತ್ರಚಿಕಿತ್ಸೆಯ ಶುಲ್ಕ 80,000, ಔಷಧಿ ಮತ್ತು ಪರೀಕ್ಷೆಗಳು 40,000, ಒಟ್ಟು 1,50,000 ರೂಪಾಯಿಗಳಾಯಿತು. ಮೂರು ಲಕ್ಷದ ಪಾಲಿಸಿಯಿರುವಾಗ ಎಲ್ಲವೂ ಬರುವುದೆಂದು ಮನೆಯವರು ನಂಬಿರುತ್ತಾರೆ. ಕಂಪೆನಿಯವರ ಲೆಕ್ಕವೇ ಬೇರೆ. ಕೋಣೆಯು ಮಿತಿಯ ಎರಡರಷ್ಟಾದುದರಿಂದ ಬಾಡಿಗೆಯಲ್ಲಿ ಅರ್ಧ, ಎಂದರೆ 15,000. ವೈದ್ಯರ ಶುಲ್ಕದಲ್ಲಿಯೂ ಅದೇ ಪ್ರಮಾಣದಲ್ಲಿ ಅರ್ಧ, ಎಂದರೆ 40,000. ಔಷಧಿ ಮತ್ತು ಪರೀಕ್ಷೆಗಳಿಗೆ ಈ ಕಡಿತವನ್ನು ಅನ್ವಯಿಸಕೂಡದೆಂದು ನಿಯಮವಿರುವುದರಿಂದ ಅವುಗಳ ಪೂರ್ತಿ 40,000. ಕೈಗೆ ದೊರೆಯುವುದು 95,000. ಪಾಲಿಸಿಯಲ್ಲಿ ನೂರಕ್ಕೆ ಹತ್ತನ್ನು ರೋಗಿಯೇ ಭರಿಸಬೇಕೆಂಬ ಕರಾರು ಕೂಡ ಇದ್ದರೆ, ಅದರಲ್ಲಿ ಇನ್ನೂ 9,500 ಕಳೆದು 85,500 ಉಳಿಯುತ್ತದೆ. ಉಳಿದ 64,500 ರೂಪಾಯಿಗಳನ್ನು ರೈತನೇ ತೆರಬೇಕು. ವರ್ಷಕ್ಕೆ ಎರಡು ಸಾವಿರ ಉಳಿಸಲು ಹೋಗಿ ಇಂತಹ ಪಾಲಿಸಿಗೆ ಬದಲಾದವನು ಮೂವತ್ತೆರಡು ವರ್ಷದ ಉಳಿತಾಯವನ್ನು ಐದು ದಿನದಲ್ಲಿ ಕಳೆದುಕೊಂಡಂತಾಯಿತು.

ಬಾಡಿಗೆಯ ಮಿತಿಯಿಲ್ಲದ ಪಾಲಿಸಿಗೆ ಪ್ರೀಮಿಯಂ ಸ್ವಲ್ಪ ಹೆಚ್ಚಾದರೂ ಅದನ್ನೇ ಆರಿಸುವುದು ಯುಕ್ತ. ಅದು ಶಕ್ತಿಗೆ ಮೀರಿದುದಾದರೆ, ಮಿತಿಯೊಳಗಿನ ಕೋಣೆಯನ್ನೇ ಕೊಡಬೇಕೆಂದು ಆಸ್ಪತ್ರೆಗೆ ಸೇರುವಾಗಲೇ ಕೇಳತಕ್ಕದ್ದು. ಈ ಒಂದು ಮಾತನ್ನು ಮನೆಯ ಹೆಂಗಸರಿಗೂ ಬೆಳೆದ ಮಕ್ಕಳಿಗೂ ತಿಳಿಸಿಟ್ಟಿರಬೇಕು, ಏಕೆಂದರೆ ರೋಗಿಯೇ ಹೋಗಿ ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಕಣ್ಣಿನ ಪೊರೆಗೆ ಇಷ್ಟೇ, ಮಂಡಿಗೆ ಇಷ್ಟೇ ಎಂದು ಒಂದೊಂದು ಕಾಯಿಲೆಗೂ ಬೇರೆ ಬೇರೆ ಮಿತಿಗಳನ್ನು ಹಾಕಿರುವ ಪಾಲಿಸಿಗಳೂ ಉಂಟು.

ಪಟ್ಟಿಯಲ್ಲಿ ಸಾವಿರಾರು ಆಸ್ಪತ್ರೆಗಳಿವೆಯೆಂದು ಕಂಪೆನಿಯವರು ಹೇಳಿಕೊಳ್ಳುವುದು ಹಳ್ಳಿಯವರಿಗೆ ಅಷ್ಟಾಗಿ ಉಪಯೋಗವಿಲ್ಲದ ಮಾತು. ನಡುರಾತ್ರಿಯಲ್ಲಿ ಹೋಗಬಹುದಾದ ತಾಲ್ಲೂಕಿನ ಊರಿನಲ್ಲಿಯೂ ಜಿಲ್ಲೆಯ ಮುಖ್ಯಸ್ಥಳದಲ್ಲಿಯೂ ಯಾವ ಯಾವ ಆಸ್ಪತ್ರೆಗಳು ಆ ಪಟ್ಟಿಯಲ್ಲಿವೆಯೆಂದು ನೋಡಿ, ಸಾಧ್ಯವಾದರೆ ಆಸ್ಪತ್ರೆಯವರನ್ನೇ ಒಂದು ಸಲ ವಿಚಾರಿಸಬೇಕು. ಮೂರು ನಾಲ್ಕು ಹಾಸಿಗೆಗಳುಳ್ಳ ಚಿಕ್ಕ ನರ್ಸಿಂಗ್ ಹೋಮುಗಳನ್ನು ಕಂಪೆನಿಯವರು ಆಸ್ಪತ್ರೆಯೆಂದೇ ಒಪ್ಪದಿರಬಹುದು.

ಸಂಸಾರಕ್ಕೆಲ್ಲ ಸೇರಿಸಿ ಒಂದೇ ಪಾಲಿಸಿ ತೆಗೆದುಕೊಂಡರೆ ಅಗ್ಗವೆಂಬ ನಂಬಿಕೆಯಿದೆ. ಎಳೆಯ ದಂಪತಿಗಳಿಗೂ ಮಕ್ಕಳಿಗೂ ಅದು ನಿಜ. ಆದರೆ ಇಂತಹ ಪಾಲಿಸಿಯ ಪ್ರೀಮಿಯಂ ಮನೆಯಲ್ಲಿ ಹಿರಿಯರಾದವರ ವಯಸ್ಸನ್ನು ಅನುಸರಿಸಿ ಗೊತ್ತಾಗುವುದರಿಂದ, 65 ವರ್ಷದ ತಂದೆಯನ್ನು ಅದರಲ್ಲಿ ಸೇರಿಸಿದರೆ ಎಲ್ಲರ ಭಾರವೂ ಏರುತ್ತದೆ. ವೃದ್ಧರಿಗೆ ಪ್ರತ್ಯೇಕ ಪಾಲಿಸಿ ಮಾಡುವುದು ಒಳ್ಳೆಯದು. ಅವರ ಪ್ರೀಮಿಯಂ ಅನ್ನು ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚಾಗಿ ಏರಿಸುವ ಮುನ್ನ ಕಂಪೆನಿಯವರು ಪ್ರಾಧಿಕಾರದೊಡನೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆಜ್ಞೆಯಾಯಿತು. ಖಾಸಗಿಯಾಗಿ ಕೊಳ್ಳುವ ಪಾಲಿಸಿಗಳ ಮೇಲಿದ್ದ ನೂರಕ್ಕೆ 18ರ ಜಿ.ಎಸ್.ಟಿ. ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ. ಹಿಂದಿನ ವರ್ಷದ ರಸೀತಿಯೊಡನೆ ಹೊಸ ದರವನ್ನು ಹೋಲಿಸುವವರು ಇದನ್ನು ಮರೆಯಬಾರದು. ತೆರಿಗೆ ಹೋದುದರಿಂದ ಆದ ಇಳಿತವನ್ನು ತಮ್ಮ ಕಂಪೆನಿಯ ಔದಾರ್ಯವೆಂದು ಏಜೆಂಟನು ಹೇಳಿದರೆ ನಂಬತಕ್ಕದ್ದಲ್ಲ.

ಅರ್ಜಿಯನ್ನು ತುಂಬುವಾಗ ಆಗುವ ತಪ್ಪು ಎಲ್ಲಕ್ಕಿಂತ ದೊಡ್ಡದು. ಕಾಯಿಲೆ ಬರೆದರೆ ಕಂಪೆನಿಯವರು ಒಪ್ಪುವುದಿಲ್ಲವೆಂದು ಹೇಳಿ, ಎಲ್ಲ ಪ್ರಶ್ನೆಗಳಿಗೂ ‘ಇಲ್ಲ’ ಎಂದು ತಾನೇ ಬರೆದುಕೊಂಡು, ಕೊನೆಯಲ್ಲಿ ರೈತನ ಸಹಿಯನ್ನು ಪಡೆಯುವ ಏಜೆಂಟರಿದ್ದಾರೆ. ಇತ್ತೀಚೆಗೆ ಸಹಿಯೂ ಬೇಕಾಗಿಲ್ಲ. ಮೊಬೈಲಿಗೆ ಬಂದ ಒ.ಟಿ.ಪಿ.ಯನ್ನು ಹೇಳಿದರೆ ಆಯಿತು. ಮುಂದೆ ಆಸ್ಪತ್ರೆಯ ಕಾಗದಗಳಲ್ಲಿ ‘ಐದು ವರ್ಷದಿಂದ ಸಕ್ಕರೆ ಕಾಯಿಲೆ’ ಎಂದು ವೈದ್ಯರು ಬರೆದ ಒಂದು ಸಾಲಿನಿಂದ ಕ್ಲೇಮು ತಿರಸ್ಕೃತವಾಗುತ್ತದೆ, ಪಾಲಿಸಿಯೂ ರದ್ದಾಗಬಹುದು. ಅದರ ಹೊಣೆ ಬೀಳುವುದು ಸಹಿ ಮಾಡಿದವನ ಮೇಲೆಯೇ ಹೊರತು ಏಜೆಂಟನ ಮೇಲಲ್ಲ. ಎಡೆಬಿಡದೆ 60 ತಿಂಗಳು ನಡೆದ ಪಾಲಿಸಿಯಲ್ಲಿ, ವಂಚನೆಯು ಸ್ಥಾಪಿತವಾದ ಹೊರತು, ಹೀಗೆ ತಿಳಿಸಲಿಲ್ಲವೆಂಬ ಕಾರಣದಿಂದ ಕ್ಲೇಮನ್ನು ತಿರಸ್ಕರಿಸಕೂಡದೆಂಬ ರಕ್ಷಣೆಯುಂಟು. ಪೋರ್ಟಬಿಲಿಟಿಯ ಮೂಲಕ ಬಂದವರಿಗೆ ಹಿಂದಿನ ತಿಂಗಳುಗಳೂ ಇದರಲ್ಲಿ ಸೇರುತ್ತವೆ. ಆದರೂ ಇದ್ದುದನ್ನು ಇದ್ದಂತೆ ಬರೆಸಿ, ಅರ್ಜಿಯ ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಸುರಕ್ಷಿತ. ಪಾಲಿಸಿಯ ಮುಖ್ಯ ಕರಾರುಗಳನ್ನು ಚಿಕ್ಕದಾಗಿ ತಿಳಿಸುವ ಗ್ರಾಹಕ ಮಾಹಿತಿ ಪತ್ರವನ್ನು ಕನ್ನಡದಲ್ಲಿಯೇ ಕೊಡಬೇಕೆಂದು ಕೇಳಬಹುದು, ಸಂಕೋಚಪಡಬೇಕಾಗಿಲ್ಲ.

ಸರ್ಕಾರದ ಯೋಜನೆಗಳನ್ನು ಈ ಬದಲಾವಣೆಯೊಡನೆ ಬೆರೆಸಬಾರದು. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯು 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ, 2023ರ ಜನವರಿಯಿಂದ ಪುನಃ ನಡೆಯತೊಡಗಿತು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಚೀಟಿಯುಳ್ಳ ಸಂಸಾರಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯುಂಟು; ಉಳಿದವರಿಗೆ ನಿಗದಿಯಾದ ಚಿಕಿತ್ಸಾ ದರದಲ್ಲಿ ನೂರಕ್ಕೆ 30ರಷ್ಟು ಮಾತ್ರ. ಇವುಗಳಿಗೆ ಅರ್ಹರಾದವರು ತಪ್ಪದೆ ಪ್ರಯೋಜನ ಪಡೆಯಬೇಕು. ಆದರೆ ಖಾಸಗಿ ಪಾಲಿಸಿಯಲ್ಲಿ ಕಾದ ವರ್ಷಗಳನ್ನು ಇವುಗಳಿಗೆ ಒಯ್ಯಲಾಗದು, ಇವುಗಳಲ್ಲಿ ಕಳೆದ ವರ್ಷಗಳು ಖಾಸಗಿ ಪಾಲಿಸಿಗೆ ಸಲ್ಲವು. ಯಶಸ್ವಿನಿಯ ಕಾರ್ಡು ಬಂದಿತೆಂದು ಹತ್ತು ವರ್ಷದ ಪಾಲಿಸಿಯನ್ನು ನಿಲ್ಲಿಸುವವರು ಮೊದಲು ಅದರ ಆಸ್ಪತ್ರೆಗಳನ್ನೂ ಚಿಕಿತ್ಸೆಗಳನ್ನೂ ಪಟ್ಟಿಯಲ್ಲಿ ನೋಡಿಕೊಳ್ಳಲಿ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನ ಕಂಪೆನಿಯವರು ತಂದೆತಾಯಿಗಳನ್ನು ವಿಮೆಯಲ್ಲಿ ಸೇರಿಸಿಕೊಂಡಿದ್ದಾರೆಂದು ಸ್ವಂತ ಪಾಲಿಸಿಯನ್ನು ಬಿಡುವುದೂ ಇದೇ ಬಗೆಯದು. ಮಗನು ಕೆಲಸ ಬಿಟ್ಟ ದಿನ ಆ ವಿಮೆಯೂ ಬಿಟ್ಟುಹೋಗುತ್ತದೆ.

ಬೇಸಾಯಗಾರರಿಗೆ ವಿಶೇಷವಾದ ತೊಂದರೆ ಮತ್ತೊಂದಿದೆ. ಹಣ ಕೈಯಲ್ಲಿರುವುದು ಸುಗ್ಗಿಯಲ್ಲಿ. ಪ್ರೀಮಿಯಂ ಕಟ್ಟುವ ತಾರೀಖು ಬರುವುದು ಬಿತ್ತನೆಯ ಬೀಜಗೊಬ್ಬರಗಳಿಗೇ ಹಣ ಸಾಲದ ಆಷಾಢದಲ್ಲಿ. ವರ್ಷದ ಪ್ರೀಮಿಯಂ ಕಟ್ಟಲು ತಾರೀಖಿನ ಮೇಲೆ 30 ದಿನಗಳ ಸಾವಕಾಶವಿದ್ದು, ಅಷ್ಟರಲ್ಲಿ ಕಟ್ಟಿದರೆ ಕಾದ ವರ್ಷಗಳು ಉಳಿಯುತ್ತವೆ. ಆದರೆ ಹಣ ಕಟ್ಟದಿದ್ದ ಆ ದಿನಗಳಲ್ಲಿ ಕಾಯಿಲೆ ಬಂದರೆ ಖರ್ಚು ದೊರೆಯದಿರಬಹುದು. ಕೊಬ್ಬರಿಯನ್ನೋ ರಾಗಿಯನ್ನೋ ಮಾರಿದ ವಾರದಲ್ಲಿಯೇ ಪ್ರೀಮಿಯಮ್ಮಿನಷ್ಟನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟುಬಿಡುವ ರೈತರು ಕೆಲವರಿದ್ದಾರೆ. ಇದು ಅನುಸರಿಸತಕ್ಕ ಕ್ರಮ.

ಹೊಸ ಪಾಲಿಸಿಯು ಬಂದ ಕೂಡಲೇ ಪೆಟ್ಟಿಗೆಗೆ ಹಾಕದೆ, ಹೆಸರು, ವಯಸ್ಸು, ತಿಳಿಸಿದ ಕಾಯಿಲೆಗಳು, ಕಾದ ಅವಧಿಯ ಲೆಕ್ಕ ಇವೆಲ್ಲ ಸರಿಯಾಗಿವೆಯೇ ಎಂದು ಓದುಬಲ್ಲವರಿಂದ ಓದಿಸತಕ್ಕದ್ದು. ಹೊಸ ಪಾಲಿಸಿಯು ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಹಿಂದಿರುಗಿಸುವ ಹಕ್ಕು ಇದೆ. ಮುಂದೆ ಕ್ಲೇಮಿನ ವಿಷಯದಲ್ಲಿ ಅನ್ಯಾಯವಾಯಿತೆಂದು ತೋರಿದರೆ ಮೊದಲು ಕಂಪೆನಿಗೇ ಬರವಣಿಗೆಯಲ್ಲಿ ದೂರು ಕೊಡಬೇಕು; ಅವರು ತಳ್ಳಿಹಾಕಿದರೂ, ಒಂದು ತಿಂಗಳಲ್ಲಿ ಉತ್ತರ ಕೊಡದಿದ್ದರೂ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್‌ರವರಿಗೆ ಒಂದು ವರ್ಷದೊಳಗೆ ಬರೆದುಕೊಳ್ಳಬಹುದು. ಅವರು 50 ಲಕ್ಷ ರೂಪಾಯಿಗಳವರೆಗಿನ ವ್ಯಾಜ್ಯಗಳನ್ನು ತೀರ್ಮಾನಿಸುತ್ತಾರೆ. ಅರ್ಜಿಗೆ ಶುಲ್ಕವಿಲ್ಲ, ವಕೀಲರನ್ನು ಗೊತ್ತುಮಾಡಿಕೊಳ್ಳಬೇಕಾದುದೂ ಇಲ್ಲ.