ಒಂದು ನಮೂನೆ, ಇಪ್ಪತ್ತು ಗಣಕ

ಬೆಳಗಾವಿಯ ಖಾಸಬಾಗ, ವಡಗಾವಿ, ಶಹಾಪುರದ ಓಣಿಗಳಲ್ಲಿ ಅಡ್ಡಾಡಿದವರಿಗೆ ಮಗ್ಗದ ಸಪ್ಪಳ ಹೊಸದಲ್ಲ. ಜಕಾರ್ಡ್ ಮಗ್ಗದ ನೆತ್ತಿಯ ಮೇಲೆ ತೂತು ಕೊರೆದ ರಟ್ಟುಗಳ ಸರವೊಂದು ತೂಗಾಡುತ್ತಿರುತ್ತದೆ. ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಸೆರಗಿನಲ್ಲಿ ಹೂವು ಮೂಡುವುದು ಈ ತೂತುಗಳ ಅಪ್ಪಣೆಯಿಂದ. ಫ್ರಾನ್ಸಿನ ಜೋಸೆಫ್ ಮಾರಿ ಜಕಾರ್ಡ್ 1804ರಲ್ಲಿ ರೂಪಿಸಿದ ಈ ಉಪಾಯವನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಲೆಕ್ಕದ ಯಂತ್ರದ ಯೋಜನೆಗೆ ಬಳಸಿಕೊಂಡ. ಹಾಗಾಗಿ ಮಗ್ಗವೂ ಗಣಕಯಂತ್ರವೂ ಹಳೆಯ ನೆಂಟರು.

ನೇಕಾರ ತನ್ನ ನಮೂನೆಯನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾನೆ. ಬೇಕಾದಾಗ ಅದರ ಪ್ರತಿ ಮಾಡಿ ಇನ್ನೊಂದು ಮಗ್ಗಕ್ಕೆ ಏರಿಸುತ್ತಾನೆ. ನಮ್ಮ ಶಾಲೆಗಳ ಗಣಕ ಕೊಠಡಿಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಗಣಕದ ಜೀವಾಳವಾದ ಓಎಸ್, ಅಂದರೆ ಕಾರ್ಯಾಚರಣ ವ್ಯವಸ್ಥೆ ಕೆಟ್ಟರೆ ಪೇಟೆಯಿಂದ ಯಾರಾದರೂ ಪೆನ್‌ಡ್ರೈವ್ ಹಿಡಿದು ಬರಬೇಕು. ಅವರು ಬರುವವರೆಗೂ ಯಂತ್ರ ಹೊದಿಕೆ ಹೊದ್ದು ಕುಳಿತಿರುತ್ತದೆ. ನಡೆಯುವ ಒಂದೇ ಯಂತ್ರದ ಸುತ್ತ ಐದಾರು ಮಕ್ಕಳು ಮುತ್ತಿಕೊಂಡಿರುತ್ತಾರೆ.

ಈ ತೊಂದರೆ ಈಗ ಇನ್ನಷ್ಟು ಬಿಗಿಯಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿರಬೇಕು; ಹಳೆಯ ಗಣಕಗಳಲ್ಲಿ ಅದಿಲ್ಲ. ಬ್ಯಾಂಕು, ಕಚೇರಿಗಳು ದಾನ ಕೊಟ್ಟ ಯಂತ್ರಗಳನ್ನೇ ನೆಚ್ಚಿಕೊಂಡ ಶಾಲೆಗಳು ಅವನ್ನು ಗುಜರಿಗೆ ಹಾಕಬೇಕೆ? ಬೇಕಿಲ್ಲ. ಡೆಬಿಯನ್, ಉಬುಂಟುಗಳಂಥ ಮುಕ್ತ ತಂತ್ರಾಂಶದ ಓಎಸ್‌ಗಳನ್ನು ಪುಕ್ಕಟೆಯಾಗಿ ಪಡೆಯಬಹುದು, ಎಷ್ಟು ಯಂತ್ರಗಳಿಗಾದರೂ ಹಾಕಬಹುದು. ಇಯಾನ್ ಮರ್ಡಾಕ್ 1993ರಲ್ಲಿ ಆರಂಭಿಸಿದ ಡೆಬಿಯನ್ ಯೋಜನೆ ಇಂದಿಗೂ ಸ್ವಯಂಸೇವಕರ ದುಡಿಮೆಯಿಂದಲೇ ನಡೆಯುತ್ತಿದೆ.

ಲೆಕ್ಕ ಏನು ಹೇಳುತ್ತದೆ?

ಒಂದು ಗಣಕಕ್ಕೆ 3 ಗಿಗಾಬೈಟ್ ಕಡತಗಳು ಬೇಕೆಂದು ಇಟ್ಟುಕೊಳ್ಳೋಣ. 20 ಗಣಕಗಳಿಗೆ 60 ಗಿಗಾಬೈಟ್ ಆಯಿತು. ಶಾಲೆಯ ಅಂತರಜಾಲದ ವೇಗ ಸೆಕೆಂಡಿಗೆ 10 ಮೆಗಾಬಿಟ್ ಇದ್ದರೆ ಇಷ್ಟನ್ನೂ ಇಳಿಸಿಕೊಳ್ಳಲು 48,000 ಸೆಕೆಂಡು, ಅಂದರೆ 13 ಗಂಟೆ 20 ನಿಮಿಷ ಬೇಕು. ನಡುವೆ ಕರೆಂಟು ಹೋಗುವುದನ್ನು ಲೆಕ್ಕಕ್ಕೆ ಹಿಡಿದಿಲ್ಲ! ಅದೇ ಕಡತಗಳನ್ನು ಒಂದೇ ಸಲ ಇಳಿಸಿ ಕೊಠಡಿಯ ಒಂದು ಗಣಕದಲ್ಲಿ ಇಟ್ಟುಕೊಂಡರೆ ಅದಕ್ಕೆ 40 ನಿಮಿಷ ಸಾಕು. ಅಲ್ಲಿಂದ ಮುಂದೆ 100 ಮೆಗಾಬಿಟ್ ಸ್ವಿಚ್ ಮೂಲಕ 20 ಯಂತ್ರಗಳಿಗೂ ಹಂಚಲು ಲೆಕ್ಕದ ಪ್ರಕಾರ 80 ನಿಮಿಷ. ಗಿಗಾಬಿಟ್ ಸ್ವಿಚ್ ಆದರೆ ಬರೀ 8 ನಿಮಿಷ. ವಾಸ್ತವದಲ್ಲಿ ಸ್ವಲ್ಪ ಹೆಚ್ಚು ಹಿಡಿದೀತು, ಆದರೂ ಒಂದು ಮಧ್ಯಾಹ್ನದ ಕೆಲಸ.

ಹೀಗೆ ಕಡತಗಳನ್ನು ಇಟ್ಟುಕೊಂಡು ಕೇಳಿದವರಿಗೆ ಕೊಡುವ ಗಣಕಕ್ಕೆ ಸರ್ವರ್ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಕಿಲ್ಲ. ದಾನ ಬಂದ ಯಂತ್ರಗಳಲ್ಲೇ ಗಟ್ಟಿಯಾದದ್ದೊಂದು, ಅದರಲ್ಲಿ 500 ಗಿಗಾಬೈಟಿನ ಹಾರ್ಡ್ ಡಿಸ್ಕ್, ಒಂದು ಸ್ವಿಚ್, ಕೇಬಲ್‌ಗಳು ಇದ್ದರೆ ಸಾಕು.

ಕೆಲಸ ನಡೆಯುವ ಬಗೆ

ಓಎಸ್ ಇಲ್ಲದ ಗಣಕ ಕಣ್ಣು ಕಟ್ಟಿದ ಮಗುವಿದ್ದಂತೆ. ಆದರೆ ಅದರ ನೆಟ್‌ವರ್ಕ್ ಭಾಗಕ್ಕೆ ಒಂದಷ್ಟು ಹುಟ್ಟರಿವು ಇರುತ್ತದೆ. ಇಂಟೆಲ್ ಕಂಪನಿ 1990ರ ದಶಕದ ಕೊನೆಯಲ್ಲಿ ರೂಪಿಸಿದ ಈ ಕ್ರಮಕ್ಕೆ ಪಿಎಕ್ಸ್‌ಇ ಎಂದು ಹೆಸರು. ಯಂತ್ರ ಚಾಲೂ ಆದೊಡನೆ ‘ನಾನು ಯಾರು? ನನ್ನ ಕಡತ ಎಲ್ಲಿದೆ?’ ಎಂದು ಕೇಬಲ್ಲಿನಲ್ಲಿ ಕೂಗು ಹಾಕುತ್ತದೆ. ಸರ್ವರ್‌ನಲ್ಲಿರುವ ಡಿಎಚ್‌ಸಿಪಿ ಎಂಬ ಸೇವೆ ಅದಕ್ಕೊಂದು ವಿಳಾಸ ಕೊಟ್ಟು ಕಡತದ ಹೆಸರನ್ನೂ ತಿಳಿಸುತ್ತದೆ. ಮೊದಲ ಚಿಕ್ಕ ಕಡತವನ್ನು ತರುವುದು ಟಿಎಫ್‌ಟಿಪಿ ಎಂಬ ಹಳೆಯ ಅಂಚೆಯವ. ಇವನು ಸಾಮಾನ್ಯವಾಗಿ 512 ಬೈಟುಗಳ ಒಂದೊಂದೇ ಕಟ್ಟು ತಂದು, ಮುಟ್ಟಿತೆಂಬ ಉತ್ತರ ಬಂದ ಮೇಲೆಯೇ ಮುಂದಿನದನ್ನು ತರುತ್ತಾನೆ. ನಂಬಿಗಸ್ಥ, ಆದರೆ ನಿಧಾನ. ಆದ್ದರಿಂದ ದೊಡ್ಡ ಕಡತಗಳನ್ನು, ನಾವು ಜಾಲತಾಣ ನೋಡಲು ಬಳಸುವ ಎಚ್‌ಟಿಟಿಪಿ ಮೂಲಕ ತರಿಸಿಕೊಳ್ಳುವುದು ಜಾಣತನ. ಭಾಷೆ, ಸಮಯ, ಬಳಕೆದಾರರ ಹೆಸರು ಮುಂತಾದ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಟ್ಟ ಕಡತವೊಂದಿದ್ದರೆ, ಪ್ರತಿ ಯಂತ್ರದ ಮುಂದೆ ಕೂತು ಒತ್ತುಗುಂಡಿ ಒತ್ತುವ ಶ್ರಮವೂ ತಪ್ಪುತ್ತದೆ.

ನಾಲ್ಕು ಎಚ್ಚರಿಕೆಗಳು. ಒಂದು, ಇಳಿಸಿದ ಕಡತ ಸರಿಯಾಗಿದೆಯೇ ಎಂದು ಒರೆಗೆ ಹಚ್ಚಬೇಕು. ಎಸ್‌ಎಚ್‌ಎ-256 ಲೆಕ್ಕದಿಂದ ಬರುವ 64 ಅಕ್ಷರಗಳ ಗುರುತು ಅಧಿಕೃತ ತಾಣದಲ್ಲಿ ಕೊಟ್ಟ ಗುರುತಿಗೆ ತಾಳೆಯಾಗಬೇಕು. ಕೆಟ್ಟ ಪ್ರತಿಯೊಂದು ಸರ್ವರಿಗೆ ಬಂದರೆ 20 ಯಂತ್ರಗಳೂ ಕೆಡುತ್ತವೆ. ಎರಡು, ಒಂದೇ ಜಾಲದಲ್ಲಿ ಇಬ್ಬರು ವಿಳಾಸ ಹಂಚುವವರು ಇರಬಾರದು. ಶಾಲೆಯ ರೂಟರ್ ಆ ಕೆಲಸ ಮಾಡುತ್ತಿದ್ದರೆ, ಓಎಸ್ ಹಾಕುವಾಗ ಸ್ವಿಚ್ಚನ್ನು ಅದರಿಂದ ಬಿಡಿಸಿಡಿ. ಮೂರು, ತಾನಾಗಿ ನಡೆಯುವ ಈ ಕ್ರಮ ಡಿಸ್ಕಿನಲ್ಲಿ ಇದ್ದುದನ್ನೆಲ್ಲ ಅಳಿಸಿಬಿಡಬಲ್ಲದು. ಅಂಕಪಟ್ಟಿ, ಫೋಟೋಗಳನ್ನು ಮೊದಲು ಬೇರೆಡೆ ತೆಗೆದಿಡಿ. ಕೆಲಸ ಮುಗಿದೊಡನೆ ನೆಟ್‌ವರ್ಕ್‌ನಿಂದ ಚಾಲೂ ಆಗುವ ಆಯ್ಕೆಯನ್ನು ಮುಚ್ಚಿ. ನಾಲ್ಕು, ಹಳೆಯ ಬಯೋಸ್ ಯಂತ್ರಕ್ಕೂ ಹೊಸ ಯುಇಎಫ್‌ಐ ಯಂತ್ರಕ್ಕೂ ಮೊದಲ ಕಡತ ಬೇರೆ ಬೇರೆ, ಎರಡನ್ನೂ ಇಟ್ಟುಕೊಳ್ಳಬೇಕು.

ಗಡಿಯಾಚೆಯ ಪಾಠ

ಶಾಲೆಗಳಲ್ಲಿ ಮುಕ್ತ ತಂತ್ರಾಂಶ ನಡೆದೀತೇ ಎಂದು ಅನುಮಾನಿಸುವವರು ಕಾಸರಗೋಡಿನತ್ತ ನೋಡಬಹುದು. ಕೇರಳ ಸರಕಾರ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭಿಸಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಶಾಲೆಗಳಿಗೆಂದೇ ಉಬುಂಟು ಆಧರಿಸಿದ ಓಎಸ್ ಒಂದನ್ನು ಸಿದ್ಧಪಡಿಸಿ ಹಂಚುತ್ತಿದೆ. 2019ರ ಆವೃತ್ತಿಯನ್ನು ರಾಜ್ಯದ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಗಣಕಗಳಿಗಾಗಿ ಬಿಡುಗಡೆ ಮಾಡಲಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದೇ ವ್ಯವಸ್ಥೆಯಲ್ಲಿ ಕಲಿಯುತ್ತಾರೆ. ಎಲ್ಲರಿಗೂ ಒಂದೇ ನಮೂನೆ ಇರುವುದರಿಂದ ಒಬ್ಬ ಶಿಕ್ಷಕನ ತಿಳಿವಳಿಕೆ ಇನ್ನೊಬ್ಬನಿಗೂ ದಕ್ಕುತ್ತದೆ.

ಬೆಳಗಾವಿಗೇನು ಕೊರತೆ? 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಇಲ್ಲೇ ಇದೆ. ಎಂಜಿನಿಯರಿಂಗ್ ಕಾಲೇಜುಗಳೂ ಸುತ್ತಮುತ್ತ ಇವೆ. ಇಬ್ಬರು ವಿದ್ಯಾರ್ಥಿಗಳು ಎರಡು ಭಾನುವಾರ ಕೊಟ್ಟರೆ ಒಂದು ಶಾಲೆಯ ಸರ್ವರ್ ಸಿದ್ಧವಾದೀತು. ಆದರೆ ಅವರು ಮಾಡಿಟ್ಟು ಹೋದರೆ ಸಾಲದು. ಮಾಡಿದ್ದನ್ನು ಕನ್ನಡದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ, ಒಂಬತ್ತನೆಯ ತರಗತಿಯ ನಾಲ್ಕು ಮಕ್ಕಳ ಕೈಯಿಂದ ಒಂದು ಯಂತ್ರಕ್ಕಾದರೂ ಓಎಸ್ ಹಾಕಿಸಬೇಕು. ಮುಂದಿನ ಸಲ ಗಣಕ ಕೆಟ್ಟಾಗ ಪೇಟೆಯ ದಾರಿ ಕಾಯುವ ಬದಲು ಆ ಮಕ್ಕಳೇ ಕೇಬಲ್ ಜೋಡಿಸಿಯಾರು. ಸರ್ವರ್ ಇಂದಲ್ಲ ನಾಳೆ ಹಳೆಯದಾಗುತ್ತದೆ. ಮಕ್ಕಳ ಕೈಗೆ ಹತ್ತಿದ ಈ ಕಸುಬು ಬೇಗ ಹಳೆಯದಾಗದು.