ಎಣ್ಣೆ ಡಬ್ಬಿಗೆ ಎರಡು ತೂತು ಯಾಕೆ?

ನಮ್ಮ ಮನೆಯ ಹಳೆಯ ಡೀಸೆಲ್ ಕಾರಿಗೆ ಹೋದ ಬೇಸಿಗೆಯಲ್ಲಿ ಎರಡು ಕಾಯಿಲೆ ಜೊತೆಯಾಗಿ ಬಂದವು. ಒಂದು, ಎಂಜಿನ್ನಿನಿಂದ ಬರುವ ‘ಟಕ್ ಟಕ್’ ಸದ್ದು. ಇನ್ನೊಂದು, ದಾರಿಯಲ್ಲಿ ತಾನಾಗಿಯೇ ಬಂದ್ ಆಗುವುದು. ಯಲಬುರ್ಗಾದಿಂದ ಕೊಪ್ಪಳದ ಕಣ್ಣಿನ ಆಸ್ಪತ್ರೆಗೆ ನನ್ನ ಹೆಂಡತಿಯನ್ನು ಆಗಾಗ ಕರೆದೊಯ್ಯಬೇಕಿತ್ತು. ಕುಕನೂರು ದಾಟಿದ ಮೇಲೆ ಬಯಲಲ್ಲಿ ಗಾಡಿ ನಿಂತರೆ ನೆರಳೂ ಇಲ್ಲ, ನೀರೂ ಇಲ್ಲ. ಒಂದು ಗ್ಯಾರೇಜಿನವರು ಸದ್ದು ಕೇಳಿದ ಕೂಡಲೇ ‘ಎಂಜಿನ್ ಬಿಚ್ಚಬೇಕು’ ಎಂದರು. ಅವರು ಹೇಳಿದ ಖರ್ಚು ನನ್ನ ನಾಲ್ಕು ತಿಂಗಳ ಪಿಂಚಣಿಯಷ್ಟಿತ್ತು. ಗಾಡಿ ಮಾರಿಬಿಡೋಣ ಎಂಬ ಮಾತು ಮನೆಯಲ್ಲಿ ಎದ್ದಿತು.

ಆಗ ಕುಷ್ಟಗಿಯಲ್ಲಿರುವ ಮಗಳು ಗಂಗಾವತಿಯ ಹಳೆಯ ಮಿಸ್ತ್ರಿಯೊಬ್ಬರಿಗೆ ತೋರಿಸಲು ಹೇಳಿದಳು. ತುಂಗಭದ್ರಾ ಕಾಲುವೆ ಸೀಮೆಯಲ್ಲಿ ಭತ್ತದ ಕೊಯ್ಲು ಬಂತೆಂದರೆ ಟ್ರ್ಯಾಕ್ಟರು, ಕೊಯ್ಲು ಯಂತ್ರ ಎಲ್ಲವೂ ಡೀಸೆಲ್ ಮೇಲೆಯೇ ಓಡುವುದು. ಆ ಎಂಜಿನ್ನುಗಳಲ್ಲೇ ಕೈ ಪಳಗಿದವರು ಅವರು. ಬೇಸಿಗೆ ರಜೆಗೆ ನಮ್ಮಲ್ಲಿಗೆ ಬಂದಿದ್ದ ಏಳನೇ ತರಗತಿಯ ಮೊಮ್ಮಗನೂ ನನ್ನ ಜೊತೆ ಹೊರಟ.

ಮಕ್ಕಳೇ, ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್ನಿಗಿಂತ ಜೋರಾಗಿ ಗಡಗಡ ಎನ್ನುವುದು ಯಾಕೆ ಗೊತ್ತೇ? ಪೆಟ್ರೋಲ್ ಎಂಜಿನ್ನಿನಲ್ಲಿ ಬೆಂಕಿ ಹೊತ್ತಿಸಲು ಪ್ಲಗ್ಗಿನ ಕಿಡಿ ಇರುತ್ತದೆ. ಡೀಸೆಲ್‌ಗೆ ಕಿಡಿ ಬೇಡ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುತ್ತದಲ್ಲ, ಅದೇ ರೀತಿ ಇಲ್ಲಿಯೂ ಗಾಳಿಯನ್ನು ಅದುಮಿ ಬಿಸಿ ಮಾಡುತ್ತಾರೆ. ಹಳೆಯ ಡೀಸೆಲ್ ಕಾರುಗಳಲ್ಲಿ ಗಾಳಿಯನ್ನು ಸುಮಾರು 20ನೇ ಒಂದು ಪಾಲಿಗೆ ಇಳಿಸಲಾಗುತ್ತದೆ. ಆಗ ಅದರ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕಾದ ಗಾಳಿಗೆ ಇಂಜೆಕ್ಟರ್ ಡೀಸೆಲ್ಲನ್ನು ಮಂಜಿನಂತೆ ಚಿಮ್ಮಿಸಿದೊಡನೆ ಅದು ತಾನಾಗಿ ಭಗ್ಗನೆ ಹೊತ್ತಿಕೊಳ್ಳುತ್ತದೆ. ಆ ಹೊಡೆತದ ಸದ್ದೇ ಗಡಗಡ. ಇದನ್ನು ಕಂಡುಹಿಡಿದವರು ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರ್. ಹುಟ್ಟಿದ್ದು 1858ರಲ್ಲಿ, ಪ್ಯಾರಿಸ್ಸಿನಲ್ಲಿ. ಅವರ ಎಂಜಿನ್ ಜರ್ಮನಿಯ ಔಗ್ಸ್‌ಬರ್ಗ್ ಊರಿನಲ್ಲಿ 1897ರಲ್ಲಿ ಪರೀಕ್ಷೆ ಗೆದ್ದಿತು.

ಗಂಗಾವತಿಯ ಮಿಸ್ತ್ರಿ ಮೊದಲು ಪಾನಾ ಹಿಡಿಯಲಿಲ್ಲ. ಉದ್ದನೆಯ ಸ್ಕ್ರೂ ಡ್ರೈವರ್ ತೆಗೆದುಕೊಂಡು, ತುದಿಯನ್ನು ಓಡುವ ಎಂಜಿನ್ನಿಗೆ ತಾಗಿಸಿ, ಹಿಡಿಕೆಗೆ ಕಿವಿ ಕೊಟ್ಟರು. ಡಾಕ್ಟರ ಸ್ಟೆತಾಸ್ಕೋಪಿನ ಉಪಾಯವೂ ಇಂಥದ್ದೇ. 1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಮೊದಲು ಬಳಸಿದ್ದು ಸುರುಳಿ ಸುತ್ತಿದ ಕಾಗದವನ್ನು! (ಓಡುವ ಎಂಜಿನ್ನಿನ ಬೆಲ್ಟು, ಫ್ಯಾನಿನ ಹತ್ತಿರ ಮಕ್ಕಳು ಮಾತ್ರ ಹೋಗಬೇಡಿ.)

ಆಮೇಲೆ ನಾಲ್ಕು ಇಂಜೆಕ್ಟರುಗಳ ಪೈಪಿನ ನಟ್ಟುಗಳನ್ನು ಒಂದೊಂದಾಗಿ ತುಸು ಸಡಿಲಿಸಿ ಮತ್ತೆ ಬಿಗಿದರು. ನಟ್ಟು ಸಡಿಲಿಸಿದಾಗ ಆ ಸಿಲಿಂಡರಿಗೆ ಡೀಸೆಲ್ ಹೋಗುವುದಿಲ್ಲ. ಮೂರನೆಯದನ್ನು ಸಡಿಲಿಸಿದಾಗ ಟಕ್ ಟಕ್ ನಿಂತಿತು. “ಬೇರಿಂಗ್ ಹೋಗಿದ್ರ ಸದ್ದು ಹಿಂಗ ಪೂರಾ ನಿಲ್ತಿರಲಿಲ್ರಿ ಅಜ್ಜಾರ. ಇದು ಮೂರನೇ ನಾಜಲ್ಲಿಂದು” ಎಂದರು. ಅದು ಡೀಸೆಲ್ಲನ್ನು ಮಂಜಾಗಿ ಚಿಮ್ಮಿಸದೆ ಹನಿಹನಿಯಾಗಿ ಸುರಿಸುತ್ತಿತ್ತು. ನಾಜಲ್ ಬದಲಾಯಿಸಿದರು, ಸದ್ದು ಹೋಯಿತು. ಎಂಜಿನ್ ಬಿಚ್ಚಲೇ ಇಲ್ಲ. ಈ ಪರೀಕ್ಷೆ ಹಳೆಯ ಪಂಪಿನ ಎಂಜಿನ್ನಿಗಷ್ಟೇ. ಈಗಿನ ‘ಕಾಮನ್ ರೈಲ್’ ಕಾರುಗಳ ಪೈಪಿನಲ್ಲಿ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡಕ್ಕಿಂತ 1,000 ಪಟ್ಟಿಗೂ ಹೆಚ್ಚು. ಅಲ್ಲಿ ನಟ್ಟು ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿ ಒಳಗೆ ಹೋಗಬಲ್ಲದು.

ಸದ್ದು ಹೋದರೂ ಗಾಡಿ ನಿಲ್ಲುವುದು ತಪ್ಪಲಿಲ್ಲ. ಅದಕ್ಕೆ ಕಾರಣ ಬೇರೆಯೇ ಇತ್ತು. ಮತ್ತೆ ಗಂಗಾವತಿಗೆ ಹೋದಾಗ ಮಿಸ್ತ್ರಿ ಕೇಳಿದರು: “ಗಕ್ಕನ ನಿಲ್ತೈತೋ, ಕೆಮ್ಮಿ ಕೆಮ್ಮಿ ನಿಲ್ತೈತೋ?”

ಗಕ್ಕನೆ ನಿಂತರೆ ಹೆಚ್ಚಾಗಿ ವೈರಿನ ದೋಷ. ಕೆಮ್ಮಿ ನಿಂತರೆ ಎಂಜಿನ್ನಿಗೆ ಡೀಸೆಲ್ ಸಾಲುತ್ತಿಲ್ಲವೆಂದು ಅರ್ಥ. ಫಿಲ್ಟರ್ ಕಟ್ಟಿರಬಹುದು, ಡೀಸೆಲ್ಲಿನಲ್ಲಿ ನೀರು ಸೇರಿರಬಹುದು, ಪೈಪು ಸೀಳಿ ಗಾಳಿ ಎಳೆಯುತ್ತಿರಬಹುದು. ನಮ್ಮದು ಕೆಮ್ಮುತ್ತಿತ್ತು. ಆದರೆ ಫಿಲ್ಟರ್ ಹೊಸದು, ನೀರಿಲ್ಲ, ಪೈಪೂ ಸರಿ ಇತ್ತು.

ಆಗ ಮೊಮ್ಮಗ ತನ್ನ ನೋಟ್‌ಬುಕ್ ತೆಗೆದ. ಮುಂದಿನ ಸೀಟಿನಲ್ಲಿ ಕೂತು, ಗಾಡಿ ನಿಂತಾಗಲೆಲ್ಲ ಮೀಟರ್ ನೋಡಿ ಬರೆದಿಟ್ಟಿದ್ದ. ಟ್ಯಾಂಕು ತುಂಬಿಸಿ ಹೊರಟ ದಿನ ಕೊಪ್ಪಳ ಮುಟ್ಟುವ ಮೊದಲೇ ನಿಂತಿತ್ತು. ಅರ್ಧ ಟ್ಯಾಂಕು ಇದ್ದ ದಿನ ನಿಲ್ಲದೆ ಆಸ್ಪತ್ರೆ ತಲುಪಿತ್ತು. ನಿಂತಾಗಲೆಲ್ಲ ಅರ್ಧ ತಾಸು ಬಿಟ್ಟರೆ ಮತ್ತೆ ಚಾಲೂ ಆಗುತ್ತಿತ್ತು. ಡೀಸೆಲ್ ಹೆಚ್ಚಿದ್ದಾಗಲೇ ಬೇಗ ನಿಲ್ಲುವುದೇ?

ಮಿಸ್ತ್ರಿ ನಕ್ಕರು. “ತಮ್ಮಾ, ಕಿರಾಣಿ ಅಂಗಡ್ಯಾಗ ಎಣ್ಣಿ ಡಬ್ಬಿಗೆ ಎರಡು ತೂತು ಯಾಕ ಹೊಡಿತಾರ, ನಿಮ್ಮ ಅಜ್ಜಾರನ್ನ ಕೇಳು.”

ನಮ್ಮ ವಯಸ್ಸಿನವರಿಗೆಲ್ಲ ಗೊತ್ತಿದ್ದದ್ದೇ. ಒಂದು ತೂತಿನಿಂದ ಎಣ್ಣೆ ಹೊರಗೆ, ಇನ್ನೊಂದರಿಂದ ಗಾಳಿ ಒಳಗೆ. ಕಾರಿನ ಟ್ಯಾಂಕಿಗೂ ಗಾಳಿ ಹೋಗಲು ಒಂದು ಸಣ್ಣ ಕೊಳವೆ ಇರುತ್ತದೆ. ಅದು ಮುಚ್ಚಿದರೆ ಡೀಸೆಲ್ ಖರ್ಚಾದಂತೆ ಒಳಗೆ ಒತ್ತಡ ಇಳಿಯುತ್ತದೆ, ಪಂಪಿಗೆ ಎಳೆಯಲಾಗುವುದಿಲ್ಲ. ಟ್ಯಾಂಕು ತುಂಬಿದ್ದಾಗ ಒಳಗಿನ ಗಾಳಿ ಸ್ವಲ್ಪವೇ. ಆದ್ದರಿಂದ ಒತ್ತಡ ಬೇಗ ಇಳಿಯುತ್ತದೆ. ಗಾಡಿ ನಿಂತ ಮೇಲೆ ಸಂದಿಯಿಂದ ಗಾಳಿ ನಿಧಾನಕ್ಕೆ ಸೇರಿ ಮತ್ತೆ ಚಾಲೂ ಆಗುತ್ತದೆ. ಮಿಸ್ತ್ರಿ ಮುಚ್ಚಳ ತಿರುಗಿಸಿದಾಗ ‘ಸುಂಯ್’ ಎಂದು ಗಾಳಿ ಒಳಗೆ ನುಗ್ಗಿತು. ಕೊಳವೆ ಬಿಚ್ಚಿ ನೋಡಿದರೆ ಬಾಯಲ್ಲಿ ಗಟ್ಟಿ ಮಣ್ಣು! ಬೇವಿನ ಮರದಡಿ ನಿಲ್ಲಿಸಿದ್ದ ಗಾಡಿಯಲ್ಲಿ ಕುಂಬಾರ ಹುಳ ಗೂಡು ಕಟ್ಟಿತ್ತು. ತಂತಿಯಿಂದ ಕೆದಕಿ ತೆಗೆದದ್ದಕ್ಕೆ ಮಿಸ್ತ್ರಿ ದುಡ್ಡು ತೆಗೆದುಕೊಳ್ಳಲಿಲ್ಲ.

ಇದನ್ನು ಮನೆಯಲ್ಲೂ ನೋಡಬಹುದು. ಗಟ್ಟಿ ಬಾಟಲಿಯ ತುಂಬ ನೀರು ಹಾಕಿ, ಕೊಳವೆ ಇಟ್ಟು, ಬಾಯಿಯನ್ನು ನಾದಿದ ಹಿಟ್ಟಿನಿಂದ ಬಿಗಿಯಾಗಿ ಮುಚ್ಚಿ ಹೀರಿ. ನೀರು ಬರುವುದೇ ಕಷ್ಟ. ಹಿಟ್ಟಿಗೆ ಕಡ್ಡಿಯಿಂದ ಒಂದು ತೂತು ಮಾಡಿ ನೋಡಿ, ಸಲೀಸಾಗಿ ಬರುತ್ತದೆ.

ದೊಡ್ಡವರಿಗೊಂದು ಮಾತು. ಓಡುವಾಗಲೇ ಎಂಜಿನ್ ಬಂದ್ ಆದರೆ ಬ್ರೇಕ್ ಗಟ್ಟಿಯಾಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ, ಏಕೆಂದರೆ ಎರಡಕ್ಕೂ ಬಲ ಕೊಡುವುದು ಎಂಜಿನ್ನೇ. ಗಾಬರಿ ಬೇಡ. ಬ್ರೇಕನ್ನು ಮತ್ತೆ ಮತ್ತೆ ಒತ್ತಿ ಬಿಡದೆ, ಒಂದೇ ಸಮ ಬಲವಾಗಿ ಒತ್ತಿ. ಗಾಡಿ ಪೂರ್ತಿ ನಿಲ್ಲುವ ತನಕ ಕೀಲಿ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆದೀತು. ಎಡಕ್ಕೆ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಮಕ್ಕಳನ್ನು ಎಡಬಾಗಿಲಿನಿಂದಲೇ ಇಳಿಸಿ.

ಗ್ಯಾರೇಜಿಗೆ ಹೋಗುವ ಮುಂಚೆ ಒಂದು ಹಾಳೆ ಬರೆಯಿರಿ: ಎಷ್ಟು ದೂರಕ್ಕೆ ನಿಂತಿತು, ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇತ್ತು, ಗಕ್ಕನೆಯೋ ಕೆಮ್ಮಿಯೋ, ಹೊಗೆಯ ಬಣ್ಣ ಯಾವುದು. ಕಪ್ಪಾದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಹೆಚ್ಚಾಗಿದೆ. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿಯಾದರೆ ಡೀಸೆಲ್ ಉರಿಯದೆ ಹೋಗುತ್ತಿದೆ ಅಥವಾ ನೀರು ಒಳಗೆ ಸೇರುತ್ತಿದೆ. ಬರೆಯುವ ಕೆಲಸವನ್ನು ಮಕ್ಕಳಿಗೇ ಕೊಡಿ. ನಮಗಿಂತ ಚೆನ್ನಾಗಿ ಮಾಡುತ್ತಾರೆ.